ಕೊನೆಯ ಫೋಟೋ ತೆಗೆದ ಕೈ

"ಮೊದಲು ಕಣ್ಣಿಗೆ ಇಟ್ಕೋಬೇಡಿ ಮೇಡಂ," ಎಂದ ರಾಜಶೇಖರ್. "ಸುಮ್ನೆ ಕೈಯಲ್ಲಿ ಹಿಡ್ಕೊಳ್ಳಿ. ಭಾರ ಗೊತ್ತಾಗ್ಲಿ. ಕೈಗೆ ಒಗ್ಗದೆ ಇರೋ ಕ್ಯಾಮೆರಾ ಎಷ್ಟೇ ಚೆನ್ನಾಗಿದ್ರೂ ನಾಲ್ಕು ದಿನಕ್ಕೆ ಬೀರು ಸೇರುತ್ತೆ."

ಸಬ್ ಇನ್ಸ್‌ಪೆಕ್ಟರ್ ಮೀನಾಕ್ಷಿ ಆ ಹಳೆಯ ಕ್ಯಾಮೆರಾವನ್ನು ಎರಡೂ ಅಂಗೈಗಳಲ್ಲಿ ತೂಗಿ ನೋಡಿದಳು. ಮೇಜಿನ ಮೇಲೆ ಇನ್ನೂ ಎರಡಿದ್ದವು. ಮೂರೂ ರೀಲು ಹಾಕುವ ಕಾಲದವು. ಬೆಳಕು, ದೂರ, ವೇಗ ಎಲ್ಲವನ್ನೂ ಕೈಯಿಂದಲೇ ತಿರುಗಿಸಿ ಹೊಂದಿಸಬೇಕಾದವು.

ಅರಸೀಕೆರೆಯ ಕೊಬ್ಬರಿ ಮಂಡಿಗಳ ಸಾಲಿನಲ್ಲಿ ಕಲ್ಲೇಶಪ್ಪನವರ ಗೋದಾಮು ಎಂದರೆ ಗೊತ್ತಿಲ್ಲದವರಿಲ್ಲ. ಅದರ ಮುಂದಿನ ಕೋಣೆಯಲ್ಲಿ ಅವರ ಮಗ ರಾಜಶೇಖರ್ ಹಳೆಯ ಕ್ಯಾಮೆರಾಗಳನ್ನು ರಿಪೇರಿ ಮಾಡಿ ಮಾರುತ್ತಿದ್ದ. ಕಳೆದ ವಾರ ಹಳೇಬೀಡಿನಾಚೆಯ ಪಾಳು ಗುಡಿಯ ಜಗಲಿ ಕೆಳಗೆ ಹೆಣವಾಗಿ ಸಿಕ್ಕ ಬೇಲೂರಿನ ಬ್ಯಾಂಕ್ ಮ್ಯಾನೇಜರ್ ಭೀಮರಾಜ್, ಇವನ ಕಾಲೇಜು ದಿನಗಳ ಗೆಳೆಯ.

ಗುಡಿಯ ಗೋಡೆಯ ಫೋಟೋ ತೆಗೆಯುತ್ತ ಹಿಂದೆ ಸರಿದು, ಆಯ ತಪ್ಪಿ ಬಿದ್ದರು ಎಂದೇ ಎಲ್ಲರೂ ನಂಬಿದ್ದರು. ಭೀಮರಾಜರ ಹೆಂಡತಿ ಭಾಗ್ಯ ಕೂಡ ಠಾಣೆಯಲ್ಲಿ ಅದನ್ನೇ ಹೇಳಿದ್ದಳು. "ಕ್ಯಾಮೆರಾ ಕಣ್ಣಿಗಿಟ್ರೆ ಅವರಿಗೆ ಕಾಲ ಕೆಳಗಿನ ನೆಲ ಕಾಣ್ತಿರಲಿಲ್ಲ ಮೇಡಂ. ಆ ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಹೊರಟ್ರು. ನಾನು ಅವರನ್ನ ನೋಡಿದ್ದು ಅದೇ ಕೊನೆ. ಇನ್ನು ಕೆದಕಬೇಡಿ."

ಮೀನಾಕ್ಷಿ ಕೆದಕುವುದನ್ನು ಬಿಟ್ಟಿರಲಿಲ್ಲ.

ಭೀಮರಾಜ್ ಅವಳಿಗೆ ಹೊಸಬರೇನಲ್ಲ. ಅವಳು ಗಂಡಸಿಯಲ್ಲಿ ಓದುತ್ತಿದ್ದಾಗ ಅವರು ಅಲ್ಲಿನ ಬ್ಯಾಂಕಿನಲ್ಲಿ ಗುಮಾಸ್ತರು. ಪೊಲೀಸ್ ಕೆಲಸದ ಅರ್ಜಿಗೆ ಅಂಟಿಸಿದ ಅವಳ ಫೋಟೋ ಅವರೇ ತೆಗೆದದ್ದು. "ಗಲ್ಲ ಎತ್ತಮ್ಮ, ಆಫೀಸರ್ ಆಗೋಳು ಹಿಂಗಾ ನಿಲ್ಲೋದು?" ಎಂದಿದ್ದರು. ಅವಳು ಹಳೇಬೀಡಿಗೆ ವರ್ಗವಾಗಿ ಬಂದ ಮೇಲೆ ಪ್ರತಿ ಭಾನುವಾರ ಕ್ಯಾಮೆರಾ ನೇತುಹಾಕಿಕೊಂಡು ಠಾಣೆಯ ಮುಂದೆಯೇ ಹಾದು ಹೋಗುತ್ತಿದ್ದರು. "ಒಂದು ಭಾನುವಾರ ಬಾರಮ್ಮ, ಕಲಿಸ್ತೀನಿ," ಎನ್ನುತ್ತಿದ್ದರು. "ಬರ್ತೀನಿ ಸರ್," ಎನ್ನುತ್ತಿದ್ದಳು. ಪ್ರತಿ ಭಾನುವಾರವೂ ಏನಾದರೊಂದು ಬಂದೋಬಸ್ತು ಇರುತ್ತಿತ್ತು. ಈಗ ಕಲಿಯಲು ಬಂದಿದ್ದಳು, ಅವರಿಲ್ಲದ ಮೇಲೆ, ಬೇರೊಬ್ಬನ ಹತ್ತಿರ.

"ಮೂರಲ್ಲಿ ಯಾವುದು ನನಗೆ ಸರಿ?" ಎಂದು ಕೇಳಿದಳು.

ರಾಜಶೇಖರನ ಮುಖದಲ್ಲಿ ಆವರೆಗೂ ಇದ್ದ ಬಿಗುವು ಸ್ವಲ್ಪ ಸಡಿಲವಾಯಿತು. ಅವನಿಗೆ ಕ್ಯಾಮೆರಾದ ಮಾತೆಂದರೆ ಜೀವ.

"ಈ ಚಿಕ್ಕದರಲ್ಲಿ ನಾವು ನೋಡೋ ಕಿಂಡಿ ಬೇರೆ, ಲೆನ್ಸ್ ಬೇರೆ. ಲೆನ್ಸಿನ ಮುಚ್ಚಳ ತೆಗೆಯೋದು ಮರೆತ್ರೂ ಗೊತ್ತಾಗಲ್ಲ, ಇಡೀ ರೀಲು ಖಾಲಿ ಬರುತ್ತೆ. ಹೊಸಬರಿಗೆ ಬೇಡ. ಎರಡನೇದರಲ್ಲಿ ಲೆನ್ಸಿಗೆ ಕಾಣೋದೇ ನಮಗೂ ಕಾಣುತ್ತೆ. ಆದ್ರೆ ಅದರ ಶಟರ್ ನಡೆಯೋದು ಸೆಲ್ಲಿನಿಂದ. ಸೆಲ್ಲು ಹೋಯ್ತಾ, ಅದು ಬರೀ ಪೇಪರ್ ವೇಟು."

"ಮೂರನೇದು?"

"ನಿಮ್ಮ ಕೈಲಿರೋದು. ಸೆಲ್ಲು ಬೆಳಕು ಅಳೆಯೋ ಮುಳ್ಳಿಗೆ ಮಾತ್ರ. ಅದಿಲ್ದೆ ಹೋದ್ರೂ ಶಟರ್ ಹೊಡೆಯುತ್ತೆ. ಎಲ್ಲಾ ಹಲ್ಲು, ಚಕ್ರ, ಸ್ಪ್ರಿಂಗು. ಕಲಿಯೋರಿಗೆ ಇದೇ."

"ಒಳಗಡೆ ಚೆನ್ನಾಗಿದೆಯಾ ಇಲ್ವಾ ಅಂತ ಹೇಗೆ ತಿಳಿಯೋದು?"

ಅವನು ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಾಜಿನೊಳಗೆ ಬೂಷ್ಟಿನ ಎಳೆ ಇದೆಯೇ ಎಂದು ನೋಡುವುದನ್ನು ಹೇಳಿಕೊಟ್ಟ. ಹಿಂದಿನ ಬಾಗಿಲು ತೆಗೆದು, ಅಂಚಿನ ಸ್ಪಂಜು ಅಂಟಂಟಾಗಿದ್ದರೆ ಬದಲಿಸಬೇಕೆಂದ. ವೇಗದ ಗುಂಡಿಯನ್ನು ಒಂದು ಸೆಕೆಂಡಿಗೆ ತಿರುಗಿಸಿ, ಶಟರ್ ತೆರೆದು ಮುಚ್ಚುವ ಸದ್ದನ್ನು ಕಿವಿಗೊಟ್ಟು ಕೇಳಿಸಿದ.

"ಆಮೇಲೆ ಇದನ್ನ ಸಾವಿರಕ್ಕೆ, ಅಂದ್ರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಇಡಬೇಕು. ಬಾಗಿಲು ತೆಗೆದು, ಬೆಳಕಿಗೆ ಹಿಡಿದು ಹೊಡೀಬೇಕು. ಶಟರಿನ ಪರದೆ ಸರಿಯಾಗಿ ಓಡದಿದ್ರೆ ಒಂದು ಪಕ್ಕ ಕಪ್ಪಾಗಿ..."

ಅವನ ಮಾತು ಅಲ್ಲಿಗೇ ನಿಂತಿತು.

"ಕಪ್ಪಾಗಿ ಕಂಡ್ರೆ?"

"ಕಂಡ್ರೆ ಆ ಕ್ಯಾಮೆರಾ ತಗೋಬಾರದು. ಮಾರಲೂಬಾರದು," ಎಂದು ಕ್ಯಾಮೆರಾವನ್ನು ಕೆಳಗಿಟ್ಟ.

ಮೀನಾಕ್ಷಿ ಅದನ್ನು ಗಮನಿಸಿದಳು. ಆದರೆ ಆ ಜಾಡು ಹಿಡಿದು ಈಗಲೇ ಹೋಗಲಿಲ್ಲ. "ಇನ್ನೊಂದು ಕೇಳ್ಬೇಕಿತ್ತು. ಒಂದು ಫೋಟೋಗೆ ಅಂತ ದೂರ, ಬೆಳಕು ಹೊಂದಿಸ್ತೀವಿ. ಕ್ಯಾಮೆರಾ ಕೆಳಗಿಟ್ಟ ಮೇಲೆ ಅದು ಬದಲಾಗುತ್ತಾ?"

"ತಾನಾಗಿ ಬದಲಾಗಲ್ಲ. ಇನ್ನೊಬ್ಬರು ಮುಟ್ಟೋ ತನಕ ಕೊನೆ ಫೋಟೋಗೆ ಹೇಗಿಟ್ಟಿದ್ರೋ ಹಾಗೇ ಇರುತ್ತೆ. ಅದೇ ಇದರ ಚಂದ."

ಅವಳು ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಒಂದು ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟಳು. ಮಾಸಿದ ನೀಲಿ ಪಟ್ಟಿಯ ಕ್ಯಾಮೆರಾ. ರಾಜಶೇಖರ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ಯಾರದು ಅಂತ ನಾನು ಹೇಳಬೇಕಾಗಿಲ್ಲ. ಇದರ ಮೇಲಿನ ಅಂಕಿ ಓದಿ ಹೇಳಿ."

ಅವನು ಕವರಿನ ಮೇಲೆಯೇ ಬಾಗಿ ಓದತೊಡಗಿದ. "ದೂರ ಮೂರು ಅಡಿ. ಅಪರ್ಚರ್ ಎರಡು, ಅಂದ್ರೆ ಬೆಳಕಿನ ಕಿಂಡಿ ಪೂರಾ ತೆರೆದಿದೆ. ವೇಗ ಮೂವತ್ತು, ಅದೂ ನಿಧಾನದ್ದೇ."

"ಇದು ಸಿಕ್ಕಿದ್ದು ಬಟಾ ಬಯಲಲ್ಲಿ. ಮಧ್ಯಾಹ್ನದ ಬಿಸಿಲಲ್ಲಿ ಗುಡಿ ಗೋಡೆ ತೆಗೆಯೋಕೆ ಭೀಮರಾಜ್ ಸರ್ ಹೀಗೆ ಇಡ್ತಿದ್ರಾ?"

"ಇಲ್ಲ," ಎಂದ ಅವನು ಮೆಲ್ಲಗೆ. "ಹೀಗಿಟ್ರೆ ಬಿಸಿಲಲ್ಲಿ ಬರೀ ಬಿಳಿ ಬರುತ್ತೆ. ಇದು ಮಬ್ಬು ಜಾಗ. ಪಕ್ಕದಲ್ಲೇ ಕೂತವರನ್ನ ತೆಗೆದಿರೋದು."

"ಅಂದ್ರೆ ಗೋಡೆ ತೆಗೀತಾ ಹಿಂದಕ್ಕೆ ಬಿದ್ರು ಅನ್ನೋ ಮಾತು ಸುಳ್ಳು."

ರಾಜಶೇಖರ್ ಕವರನ್ನು ಅವಳ ಕಡೆಗೆ ಸರಿಸಿದ.

"ಪಟ್ಟಿಯ ಕೊಂಡಿಯಲ್ಲಿ ಇನ್ನೊಂದು ಇದೆ ನೋಡಿ. ತೆಂಗಿನ ನಾರು. ಆ ಗುಡಿ ಸುತ್ತ ರಾಗಿ ಹೊಲ ಬಿಟ್ರೆ ಒಂದು ತೆಂಗಿನ ಗಿಡ ಇಲ್ಲ." ಮೀನಾಕ್ಷಿ ಎದ್ದು ನಿಂತಳು. "ನಿಮ್ಮ ಕೊಬ್ಬರಿ ಅಟ್ಟ ನೋಡಬಹುದಾ?"

ಗೋದಾಮಿನ ಹಿಂಬದಿಯಲ್ಲಿ ಕಡಿದಾದ ಮರದ ಏಣಿಯಿತ್ತು. ಅಟ್ಟದ ಮೇಲೆ ಸಿಪ್ಪೆ ಸುಲಿಯದ ತೆಂಗಿನಕಾಯಿಗಳ ರಾಶಿ, ಕಾಯಿ ಒಳಗೇ ಒಣಗಿ ಕೊಬ್ಬರಿಯಾಗುವ ಬೆಚ್ಚನೆಯ ವಾಸನೆ. ಹಲಗೆಯ ಬದಲು ಅಡಿಕೆ ಮರ ಸೀಳಿದ ದಬ್ಬೆಗಳನ್ನು ಹಾಸಿದ್ದ ನೆಲ. ದಬ್ಬೆಗಳ ಸಂದಿನಿಂದ ಕೆಳಗಿನ ಕಲ್ಲುಚಪ್ಪಡಿ ಕಾಣುತ್ತಿತ್ತು. ಮೂಲೆಯ ಕಪಾಟಿನಲ್ಲಿ ಸಾಲಾಗಿ ಕ್ಯಾಮೆರಾಗಳು.

"ಇಲ್ಯಾಕೆ ಇಟ್ಟಿದ್ದೀರ?"

"ಇಲ್ಲಿ ತೇವ ಇರಲ್ಲ. ಲೆನ್ಸಿಗೆ ಬೂಷ್ಟು ಹಿಡಿಯಲ್ಲ. ಇದನ್ನ ಹೇಳಿಕೊಟ್ಟವನೇ ಭೀಮ."

ಕಪಾಟಿನ ಮುಂದೆ ಮೂರು ನಾಲ್ಕು ದಬ್ಬೆಗಳು ಹೊಸವು. ಹಳೆಯವೆಲ್ಲ ಹೊಗೆ ಹಿಡಿದು ಕಪ್ಪಾಗಿದ್ದರೆ ಇವು ಹಸಿ ಹಳದಿ ಬಣ್ಣಕ್ಕಿದ್ದವು. ಮೀನಾಕ್ಷಿ ಅವುಗಳನ್ನೇ ನೋಡುತ್ತ ನಿಂತಳು. ಅವಳು ಏನೂ ಕೇಳಲಿಲ್ಲ. ಕೇಳದೆ ಇದ್ದದ್ದನ್ನೇ ಅವನಿಗೆ ತಡೆಯಲಾಗಲಿಲ್ಲವೇನೋ, ತೆಂಗಿನಕಾಯಿ ರಾಶಿಯ ಪಕ್ಕ ಕುಸಿದು ಕುಳಿತ.

"ನಾನು ತಳ್ಳಲಿಲ್ಲ ಮೇಡಂ. ಆದ್ರೆ ತಳ್ಳಿದ ಹಾಗೇ."

"ನಿಧಾನವಾಗಿ ಹೇಳಿ."

"ಭೀಮನ ಭಾನುವಾರದ ಪಾಠಕ್ಕೆ ಬರೋ ಗೆಂಡೆಹಳ್ಳಿ ಹುಡುಗಿ ಒಬ್ಬಳಿಗೆ ನಾನೊಂದು ಕ್ಯಾಮೆರಾ ಮಾರಿದ್ದೆ. ಅದರ ಶಟರ್ ಸರಿ ಇರಲಿಲ್ಲ. ಗೊತ್ತಿದ್ದೇ ಮಾರಿದೆ. ಆ ಮಗು ಅದರಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿ ಫೋಟೋ ತೆಗೆದಿದ್ದಾಳೆ. ಒಂದು ರೀಲು ಪೂರ್ತಿ. ಒಂದೊಂದು ಫೋಟೋದಲ್ಲೂ ಅರ್ಧ ಕಪ್ಪು. ಅಜ್ಜಿ ಮುಖ ಒಂದರಲ್ಲೂ ಇಲ್ಲ. ರೀಲು ತೊಳೆದು ಬರೋ ಹೊತ್ತಿಗೆ ಅಜ್ಜಿ ಹೋಗಿಬಿಟ್ಟಿದ್ರು."

ಅವನು ಅಂಗೈಯಿಂದ ಬಾಯಿ ಒರೆಸಿಕೊಂಡ.

"ಆ ಭಾನುವಾರ ಭೀಮ ಆ ಕ್ಯಾಮೆರಾ ಹಿಡ್ಕೊಂಡು ಬಂದ. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. 'ಏನ್ಲಾ ರಾಜ, ನಾನು ನಿಂಗೆ ಇದನ್ನಾ ಕಲಿಸಿದ್ದು?' ಅಂದ. ಅಷ್ಟೇ. 'ಅವಳಿಗೆ ಒಳ್ಳೇದೊಂದು ನಾನೇ ಆರಿಸ್ತೀನಿ' ಅಂತ ಏಣಿ ಹತ್ತಿದ. ಕಪಾಟಿನ ಮುಂದಿನ ದಬ್ಬೆ ಲಡ್ಡಾಗಿ ಮುರಿಯೋ ಹಾಗಿದ್ದದ್ದು ನನಗೆ ಗೊತ್ತಿತ್ತು. 'ಆ ಕಡೆ ಕಾಲಿಡಬೇಡ ಕಣೋ' ಅನ್ನೋಕೆ ಒಂದು ಗಳಿಗೆ ಸಾಕಿತ್ತು. ಕೋಪ ಬಂದಿತ್ತು ಮೇಡಂ, ಮಾತಾಡಬಾರದು ಅಂತ ಹಠ. ಕೆಳಗೆ ನಿಂತು ನೋಡ್ತಾನೇ ಇದ್ದೆ."

ಕೆಳಗೆ ರಸ್ತೆಯಲ್ಲಿ ಯಾರೋ ಲಾರಿಯ ಹಿಂಬಾಗಿಲು ಹಾಕಿದ ಸದ್ದು ಕೇಳಿಸಿತು.

"ಬಿದ್ದ ಮೇಲೆ?"

"ಕೂಗಿದೆ. ಅಲುಗಲಿಲ್ಲ. ಅಪ್ಪ ಬಂದ್ರು, ಮೂಗಿನ ಹತ್ರ ಕೈ ಇಟ್ಟು ನೋಡಿದ್ರು. 'ಉಸ್ರಿಲ್ಲ. ನಮ್ ಜಾಗದಲ್ಲಿ ಇಂಥಾದ್ದು ಆಗ್ಬಾರ್ದು. ಅವ್ನು ಯಾವಾಗ್ಲೂ ತಿರ್ಗಾಡೋ ಗುಡಿ ಐತಲ್ಲ, ಅಲ್ಲಿ ಬಿಟ್ಟು ಬರಾನ' ಅಂದ್ರು. ಗೋಣಿ ಹೊದಿಸಿ ಕಾರಲ್ಲಿ ಹಾಕಿದ್ವಿ."

"ನಿಮ್ಮ ಜಾಗದಲ್ಲಿ," ಎಂದಳು ಮೀನಾಕ್ಷಿ.

ಆ ಎರಡು ಪದಗಳನ್ನು ಅವಳು ಹೇಳಿದ ರೀತಿಗೆ ರಾಜಶೇಖರ್ ತಲೆ ತಗ್ಗಿಸಿದ. ಅವಳ ಕೇರಿ ಯಾವುದೆಂದು ಅವನಿಗೆ ಗೊತ್ತಿತ್ತು. ಭೀಮರಾಜರ ಕೇರಿಯೂ ಅದೇ.

"ಭೀಮನ ಅಮ್ಮ ಹನುಮಮ್ಮನ ಕೈಲಿ ಎಷ್ಟು ಸಲ ಮುದ್ದೆ ಉಂಡಿದ್ದೀನೋ ಲೆಕ್ಕ ಇಲ್ಲ. ಅವನು ಈ ಅಂಗಡಿ ಬಾಗಿಲು ದಾಟಿ ನಮ್ಮ ಮನೆ ಪಡಸಾಲೆಗೆ ಬಂದಿದ್ದೇ ಇಲ್ಲ. ಬಾ ಅಂತ ನಾನು ಕರೀಲಿಲ್ಲ. ಯಾಕೆ ಅಂತ ಅವನೂ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನ ಕರೆದಿದ್ರೆ..."

ಮೀನಾಕ್ಷಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ, ಒಂದು ಥರದ ದಣಿವು. ಇಂಥ ಕರೆಯದ ಬಾಗಿಲುಗಳನ್ನು ಅವಳೂ ಬೇಕಾದಷ್ಟು ಕಂಡಿದ್ದಳು. ಭೀಮರಾಜ್ ಸರ್ ಅದನ್ನೆಲ್ಲ ನುಂಗಿಕೊಂಡು ಇವನನ್ನು ಗೆಳೆಯನೆಂದೇ ತಿಳಿದಿದ್ದರಲ್ಲ ಎನ್ನುವುದೇ ಅವಳಿಗೆ ಹೆಚ್ಚು ನೋವಾಯಿತು.

"ಗುಡಿ ಹತ್ರ ಎಲ್ಲಿ ಬಿಟ್ರಿ?"

"ಜಗಲಿ ಕೆಳಗೆ ಬಿಡು, ಬಿದ್ದ ಹಾಗೆ ಕಾಣ್ಲಿ ಅಂದಿದ್ರು ಅಪ್ಪ. ಅವರು ಕಾರಲ್ಲೇ ಇದ್ರು. ನನಗೆ ಬಿಸಿಲಲ್ಲಿ ಹಾಕೋಕೆ ಮನಸ್ಸು ಬರಲಿಲ್ಲ. ಒಳಗೆ ಕಂಬದ ಪಕ್ಕ ನೆರಳಲ್ಲಿ ಮಲಗಿಸಿದೆ. ಕ್ಯಾಮೆರಾನ ತೊಗಲಿನ ಕೇಸಲ್ಲಿಟ್ಟು, ಗುಂಡಿ ಹಾಕಿ ಕೊರಳಿಗೆ ಹಾಕಿದೆ. ಆಮೇಲೆ ಕಾರು ಅಪ್ಪನಿಗೆ ಬಿಟ್ಟು ಹಳೇಬೀಡಲ್ಲೇ ಇಳಿದು, ಫೋನ್ ಆಫ್ ಮಾಡಿ ಬಸ್ಸಲ್ಲಿ ಬಂದೆ."

"ರಾಜಶೇಖರ್, ಕುರಿ ಮೇಯಿಸೋ ಉಗ್ರಪ್ಪ ಮಾರನೇ ದಿನ ಹೆಣ ನೋಡಿದ್ದು ಜಗಲಿ ಕೆಳಗೆ, ಬಿಸಿಲಲ್ಲಿ. ಕ್ಯಾಮೆರಾಗೆ ಕೇಸ್ ಇರಲಿಲ್ಲ."

ಅವನು ತಲೆ ಎತ್ತಿದ.

"ಇನ್ನೂ ಒಂದು ಇದೆ," ಎಂದಳು. ಇದನ್ನು ಹೇಳದೆ ಇರಬಹುದಾಗಿದ್ದರೆ ಅವಳು ಹೇಳುತ್ತಿರಲಿಲ್ಲ. "ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ಎರಡು ಪೆಟ್ಟು ಅಂತಾರೆ. ಸೊಂಟದ್ದು ಮೊದಲಿನದು. ತಲೆಯದ್ದು ಆಮೇಲಿನದು. ಮಧ್ಯೆ ಎರಡು ಮೂರು ಗಂಟೆನಾದ್ರೂ ಆಗಿದೆ. ಜೀವ ಹೋಗಿದ್ದು ತಲೆ ಪೆಟ್ಟಿಗೆ."

"ಅಂದ್ರೆ..."

ಮೀನಾಕ್ಷಿ ಚೀಲದಿಂದ ಒಂದು ಫೋಟೋ ತೆಗೆದು ಅವನ ಕೈಗಿತ್ತಳು. "ಆ ಕ್ಯಾಮೆರಾದೊಳಗಿನ ರೀಲು ತೊಳೆಸಿದೆ. ಇದು ಅದರ ಕೊನೆ ಫೋಟೋ."

ಕಪ್ಪು ಬಿಳುಪಿನ ಚಿತ್ರ. ತಿರುಗಣೆಯಲ್ಲಿ ಕಡೆದಂಥ ನುಣುಪಾದ ಕಲ್ಲುಕಂಬ. ಅದಕ್ಕೆ ಒರಗಿ ಭೀಮರಾಜ್ ಕುಳಿತಿದ್ದರು. ಅಂಗಿಯ ಮೇಲೆ ನಾರಿನ ಧೂಳು. ನೋವಿಗೆ ಹುಬ್ಬು ಗಂಟಿಕ್ಕಿತ್ತು. ಆದರೆ ಕಣ್ಣು ತೆರೆದಿದ್ದವು, ಮೂರು ಅಡಿ ದೂರದಿಂದ ನೇರ ನೋಡುತ್ತಿದ್ದವು. ತುಟಿಯಲ್ಲಿ ಒಂದಿಷ್ಟು ನಗೆ ಕೂಡ ಇತ್ತು, ಎದುರಿನವರಿಗೆ ಧೈರ್ಯ ಹೇಳುವಾಗ ಬರುವಂಥದ್ದು.

ರಾಜಶೇಖರ್ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದ. ಅಳಲಿಲ್ಲ. ಅವನ ಬಾಯಿಂದ ಹೊರಟದ್ದು ಒಂದೇ ಮಾತು.

"ಬದುಕಿದ್ದ."

"ಹೌದು."

"ಆಸ್ಪತ್ರೆ ಇಲ್ಲೇ ಇತ್ತು ಮೇಡಂ. ಈ ರಸ್ತೆ ಕೊನೇಲಿ. ಅದರ ಮುಂದೆನೇ ಕಾರು ಓಡಿಸ್ಕೊಂಡು ಹೋದೆ."

ಮೀನಾಕ್ಷಿ ತಾನು ಕೇಳಲೆಂದೇ ಬಂದಿದ್ದ ಪ್ರಶ್ನೆ ಕೇಳಿದಳು. "ತನ್ನ ಫೋಟೋ ತಾನೇ ತೆಗೆಯೋ ಹಾಗಿರಲಿಲ್ಲ ಅವರು. ಯಾರೋ ಎದುರಿಗೆ ಕೂತು ತೆಗೆದಿದ್ದಾರೆ. ಅಂಥ ಮಬ್ಬಿನಲ್ಲಿ, ಕೈ ಅಲುಗದೆ, ಕಣ್ಣಿಗೆ ಸರಿಯಾಗಿ ಫೋಕಸ್ ಇಟ್ಟು. ಅದು ನೀವೇ ಇರಬೇಕು ಅಂದುಕೊಂಡು ನಾನು ಇಲ್ಲಿಗೆ ಬಂದೆ. ನೀವಲ್ಲ. ಹಾಗಾದ್ರೆ ಯಾರು?"

"ಗೊತ್ತಿಲ್ಲ. ಅವನ ಭಾನುವಾರದ ಪಾಠಕ್ಕೆ ಬರೋರಲ್ಲಿ ಯಾರಿಗೂ ಇನ್ನೂ ಇಷ್ಟು ಕೈ ಕೂತಿಲ್ಲ."

"ನನಗೆ ಕೂತಿತ್ತು."

ಇಬ್ಬರೂ ತಿರುಗಿ ನೋಡಿದರು. ಏಣಿಯ ತುದಿಯಲ್ಲಿ ರಾಜಶೇಖರನ ಹೆಂಡತಿ ಶಿಲ್ಪಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ನೀನಾ? ನಿಂಗೆ ಕ್ಯಾಮೆರಾ ಹಿಡಿಯೋಕೆ ಎಲ್ಲಿ ಬರುತ್ತೆ?" ಎಂದ ರಾಜಶೇಖರ್.

"ನೀವು ಮುಟ್ಟೋಕೆ ಬಿಟ್ಟಿದ್ರೆ ನಿಮ್ಮ ಹತ್ರನೇ ಕಲೀತಿದ್ದೆ. ಬೇಲೂರಿಗೆ ಟೈಲರಿಂಗ್ ಕ್ಲಾಸು ಅಂತ ಹೋಗ್ತಿದ್ನಲ್ಲ, ಹೋಗಿದ್ದು ಅಣ್ಣನ ಹತ್ರ ಕಲಿಯೋಕೆ." ಭೀಮರಾಜರನ್ನು ಅವಳು ಅಣ್ಣ ಎನ್ನುತ್ತಿದ್ದಳು. ನಂತರ ಮೀನಾಕ್ಷಿಯ ಕಡೆ ತಿರುಗಿದಳು. "ಕಾರಿಗೆ ಗೋಣಿ ಹಾಕುವಾಗ ಅಣ್ಣನ ಬೂಟು ಕಾಣಿಸ್ತು ಮೇಡಂ. ಸ್ಕೂಟರ್ ತಗೊಂಡು ಹಿಂದೆನೇ ಹೋದೆ. ಇವರಿಬ್ಬರೂ ಹೊರಟ ಮೇಲೆ ಗುಡಿ ಒಳಗೆ ಹೋಗಿ ನೋಡ್ತೀನಿ, ಅಣ್ಣ ನರಳ್ತಾ ಇದ್ದಾರೆ."

"ಯಾರಿಗೆ ಫೋನ್ ಮಾಡಿದ್ರಿ?"

"ಇವರಿಗೆ ಮಾಡಿದೆ. ಆಫ್ ಆಗಿತ್ತು. ಮಾವನವರಿಗೆ ಮಾಡಿದೆ. 'ಅಣ್ಣ ಬದುಕಿದ್ದಾರೆ, ವಾಪಸ್ ಬನ್ನಿ' ಅಂದೆ. ಕಾಯೋವಾಗ ನನ್ನ ಕೈ ನಡುಗ್ತಿತ್ತು. ಅಣ್ಣನೇ ಸಮಾಧಾನ ಮಾಡಿದ್ರು. ಕೇಸ್ ಬಿಚ್ಚಿಸಿ ಕ್ಯಾಮೆರಾ ಕೈಗೆ ಕೊಟ್ರು. 'ಮೂರಡಿಗೆ ಇಡು. ಪೂರ್ತಿ ತೆರಿ. ಮೂವತ್ತು. ಮೊಣಕೈ ಮಂಡಿಗೆ ಒತ್ತಿ ಹಿಡಿ, ಉಸಿರು ಬಿಟ್ಟು ಒತ್ತು' ಅಂದ್ರು. ಒತ್ತಿದೆ. 'ನೋಡು, ನಡುಕ ನಿಲ್ತಲ್ಲ' ಅಂದ್ರು."

ರಾಜಶೇಖರ್ ಮುಖ ಮುಚ್ಚಿಕೊಂಡ.

"ಮಾವನವರು ಬಂದ್ರಾ?" ಎಂದು ಕೇಳಿದಳು ಮೀನಾಕ್ಷಿ.

"ಬಂದ್ರು. 'ನೀನು ಮನೆಗೆ ನಡಿಯವ್ವ, ಆಸ್ಪತ್ರೆಗೆ ನಾವು ಕರ್ಕೊಂಡು ಹೋಗ್ತೀವಿ. ಈ ವಿಷ್ಯ ಯಾರ್ಗೂ ಹೇಳ್ಬೇಡ' ಅಂದ್ರು. ಮಾರನೇ ದಿನ ಅಣ್ಣ ಹೋದ್ರು ಅಂತ ಸುದ್ದಿ ಬಂತು. ಆಸ್ಪತ್ರೆಲೇ ಹೋಗಿರಬೇಕು ಅಂದುಕೊಂಡೆ. ಗುಡಿ ಹತ್ರ ಸಿಕ್ಕಿದ್ರು ಅಂತ ಕೇಳಿದ ಮೇಲೆ ನನಗೆ ನಿದ್ದೆ ಇಲ್ಲ."

"ಆಗಲೇ ಯಾಕೆ ಬರಲಿಲ್ಲ ನನ್ನ ಹತ್ರ?"

ಶಿಲ್ಪಾಳ ಕಣ್ಣಲ್ಲಿ ಅಷ್ಟು ಹೊತ್ತೂ ತಡೆದಿದ್ದ ನೀರು ಇಳಿಯಿತು. ಗಂಡನನ್ನೊಮ್ಮೆ ನೋಡಿದಳು. "ಏನಂತ ಬರಲಿ ಮೇಡಂ? ನಾನೇ ಬಿಟ್ಟು ಬಂದವಳು."

ಮೀನಾಕ್ಷಿ ಅವಳ ಮಾತಿನ ಒಂದು ಪದಕ್ಕೆ ಮತ್ತೆ ಬಂದಳು. "ನಾವು ಕರ್ಕೊಂಡು ಹೋಗ್ತೀವಿ ಅಂದ್ರು ಅಂದ್ರಲ್ಲ. ನಿಮ್ಮ ಮಾವನ ಜೊತೆ ಇನ್ಯಾರಿದ್ರು?"

"ಮಾವ ಒಬ್ಬರೇ ಬಂದಿದ್ರೆ ನಾನು ಅಣ್ಣನ್ನ ಬಿಟ್ಟು ಬರ್ತಾನೇ ಇರಲಿಲ್ಲ," ಎಂದಳು ಶಿಲ್ಪಾ. "ಕಾರಿನ ಹಿಂದಿನ ಸೀಟಿಂದ ಭಾಗ್ಯಕ್ಕ ಇಳಿದ್ರು. ಗಂಡನ ಪಕ್ಕ ಕೂತು ತಲೆ ತೊಡೆ ಮೇಲೆ ಇಟ್ಕೊಂಡ್ರು. ಹೆಂಡತಿನೇ ಬಂದ್ರಲ್ಲ ಅಂತ ಧೈರ್ಯವಾಗಿ ಹೊರಟು ಬಂದೆ."

ಬೆಳಿಗ್ಗೆ ತಿಂಡಿ ತಿಂದು ಹೊರಟಾಗ ನೋಡಿದ್ದೇ ಕೊನೆ ಎಂದು ಠಾಣೆಯಲ್ಲಿ ಭಾಗ್ಯ ಹೇಳಿದ್ದ ಮಾತು ಮೀನಾಕ್ಷಿಯ ಕಿವಿಯಲ್ಲಿ ಮತ್ತೆ ಕೇಳಿಸಿತು.